ತಲೆ, ಕಣ್ಣು, ಎದೆ: ಬಾಕ್ಸರ್‌ಗಳು ಅರ್ಧಕ್ಕೇ ಗ್ಲೌಸ್ ಕಳಚಿಡುವುದೇಕೆ?

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಬ್ರಿಟನ್ನಿನ ಆಂಥೊನಿ ಒಗೊಗೊ ಮರುವರ್ಷವೇ ವೃತ್ತಿಪರ ಬಾಕ್ಸಿಂಗ್‌ಗೆ ಬಂದರು. ಮೊದಲ 11 ಪಂದ್ಯಗಳನ್ನೂ ಗೆದ್ದರು. 2016ರಲ್ಲಿ ಆಡಿದ 12ನೇ ಪಂದ್ಯ ಸೋತರು. ಕಣ್ಣಿನ ಗೂಡಿನ ಮೂಳೆ ಮುರಿದಿತ್ತು. ಆಮೇಲೆ ಒಂದರ ಹಿಂದೆ ಒಂದು ಶಸ್ತ್ರಚಿಕಿತ್ಸೆ ನಡೆದರೂ ದೃಷ್ಟಿ ಮೊದಲಿನಂತಾಗಲಿಲ್ಲ. 2019ರಲ್ಲಿ, 30ನೇ ವಯಸ್ಸಿಗೆ, ಬಾಕ್ಸಿಂಗ್ ಬಿಟ್ಟರು.

ಅಮೆರಿಕದ ಎರಲ್ ಸ್ಪೆನ್ಸ್ ಅವರಿಗೂ ಕಣ್ಣಿನದೇ ತೊಂದರೆ. 2021ರ ಆಗಸ್ಟ್‌ನಲ್ಲಿ ಮ್ಯಾನಿ ಪಕಿಯಾವೊ ಜತೆಗಿನ ಪಂದ್ಯಕ್ಕೆ ಕೆಲವೇ ದಿನ ಬಾಕಿ ಇದ್ದಾಗ ಲಾಸ್ ವೇಗಸ್‌ನಲ್ಲಿ ನಡೆದ ವೈದ್ಯಕೀಯ ತಪಾಸಣೆಯಲ್ಲಿ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಒಳಪದರ, ಹರಿದಿರುವುದು ಗೊತ್ತಾಯಿತು. ಅವರ ಜಾಗದಲ್ಲಿ ಯೊರ್ಡೆನಿಸ್ ಉಗಾಸ್ ಆಡಿದರು. ಸ್ಪೆನ್ಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ವಿಶ್ರಾಂತಿ ಪಡೆದು, 2022ರ ಏಪ್ರಿಲ್‌ನಲ್ಲಿ ರಿಂಗ್‌ಗೆ ಮರಳಿ ಅದೇ ಉಗಾಸ್ ಅವರನ್ನು ಸೋಲಿಸಿದರು.

ಇವೆರಡೂ ಒಂದೇ ಬಗೆಯ ಗಾಯವಲ್ಲ, ಹಾಗಾಗಿ ತಕ್ಕಡಿಗೆ ಹಾಕಿ ತೂಗುವಂತಿಲ್ಲ. ಆದರೆ ಬಾಕ್ಸರ್‌ಗಳ ವೃತ್ತಿ ಮುರಿದುಬಿದ್ದ ಪ್ರಕರಣಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮೆದುಳಿನ ರಕ್ತಸ್ರಾವ ಮತ್ತು ಹುಟ್ಟಿನಿಂದ ಬಂದ ಕೆಲವು ಹೃದಯ ದೋಷ ಬಿಟ್ಟರೆ, ಉಳಿದ ಬಹುಪಾಲು ತೊಂದರೆಗಳು ಬೇಗ ಸಿಕ್ಕರೆ ಕೆಲವು ತಿಂಗಳ ವಿರಾಮದಲ್ಲಿ ಮುಗಿಯುತ್ತವೆ, ತಡವಾದರೆ ವೃತ್ತಿಯನ್ನೇ ಮುಗಿಸುತ್ತವೆ. ಬೇಗ ಹಿಡಿಯಲು ಬೇಕಾದ ಪರೀಕ್ಷೆಗಳಲ್ಲಿ ಹೆಚ್ಚಿನವು ದಾವಣಗೆರೆಯಂಥ ಜಿಲ್ಲಾ ಕೇಂದ್ರದಲ್ಲೇ ಆಗುತ್ತವೆ.

ಬಾಕ್ಸಿಂಗ್ ಎಂದರೆ ದಾವಣಗೆರೆಗೆ ದೂರದ ವಿಷಯ ಅನ್ನಿಸಬಹುದು. ಇದು ಕುಸ್ತಿಯ ಊರು. ದುಗ್ಗಮ್ಮನ ಜಾತ್ರೆಯ ಕುಸ್ತಿ, ಹಳೆಯ ಗರಡಿ ಮನೆಗಳು, ಕ್ರೀಡಾ ಹಾಸ್ಟೆಲ್ಲಿನ ಮ್ಯಾಟ್ ಕುಸ್ತಿಯಿಂದ ಬಂದ ಹೆಸರು ಇದಕ್ಕಿದೆ. ಪಕ್ಕದ ಚಿತ್ರದುರ್ಗದ ಕೋಟೆಯೊಳಗೇ ಒಂದು ಗರಡಿ ಮನೆ ನಿಂತಿದೆ. ಈಗ ಜಿಮ್‌ಗಳಲ್ಲಿ ಪಂಚಿಂಗ್ ಬ್ಯಾಗ್ ತೂಗುತ್ತಿವೆ. ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್, ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾದಾಟ) ವಿಡಿಯೊ ನೋಡಿದ ಹುಡುಗರು ಅತ್ತ ಹೊರಳುತ್ತಿದ್ದಾರೆ. ಮಟ್ಟಿಯಲ್ಲಿ ಪಳಗಿದ ಮೈಗೆ ಇದು ಸಲೀಸು ಅನ್ನಿಸುವುದು ಸಹಜ. ಗರಡಿಯ ಉಸ್ತಾದರು ಮೊಣಕಾಲು, ಭುಜ, ಸೊಂಟದ ನೋವನ್ನು ನೋಡಿದ ಕೂಡಲೇ ಗುರುತಿಸಬಲ್ಲರು. ತಲೆಗೆ ಪೆಟ್ಟು ಕೊಡುವುದು ಅವರ ಆಟದ ನಿಯಮದಲ್ಲೇ ಇಲ್ಲದ್ದರಿಂದ ಅದರ ಲಕ್ಷಣಗಳ ಪರಿಚಯ ಅವರಿಗೆ ಕಡಿಮೆ. ಹುಡುಗ ಆಟ ಬದಲಿಸಿದರೂ ಅವನ ಮೈ ನೋಡಿಕೊಳ್ಳುವ ಪದ್ಧತಿ ಹಳೆಯದೇ ಉಳಿಯುತ್ತದೆ. ಎಡವಟ್ಟು ಶುರುವಾಗುವುದು ಇಲ್ಲಿಂದ.

ಇನ್ನೊಂದು ತೊಡಕು ಆಡಳಿತದ್ದು. ಹವ್ಯಾಸಿ ಬಾಕ್ಸಿಂಗ್‌ಗೆ ಬಾಕ್ಸಿಂಗ್ ಫೆಡರೇಷನ್ ಆಫ್ ಇಂಡಿಯಾ ಇದೆ, ಅದರ ವೈದ್ಯಕೀಯ ನಿಯಮಗಳಿವೆ. ವೃತ್ತಿಪರ ಪಂದ್ಯಗಳಿಗೆ ಲೈಸೆನ್ಸ್ ಕೊಡುವುದು ಇಂಡಿಯನ್ ಬಾಕ್ಸಿಂಗ್ ಕೌನ್ಸಿಲ್‌ನಂಥ ಸಂಸ್ಥೆಗಳು. ಅಮೆರಿಕದ ರಾಜ್ಯಗಳಲ್ಲಿರುವಂತೆ ಕಾನೂನಿನ ಬಲವಿರುವ ಸರ್ಕಾರಿ ಆಯೋಗ ನಮ್ಮಲ್ಲಿಲ್ಲ. ಆದ್ದರಿಂದ ಸಣ್ಣ ಊರಿನ ಖಾಸಗಿ ಟೂರ್ನಿಯಲ್ಲಿ ತಪಾಸಣೆ ಎಷ್ಟು ಬಿಗಿ ಎಂಬುದು ಆಯೋಜಕರ ಮರ್ಜಿ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮುಖಕ್ಕೆ ಪೆಟ್ಟು ಬಿದ್ದು ಕುಸಿದ ಮೈಸೂರಿನ 23 ವರ್ಷದ ಯುವಕ ಕೆಲವೇ ದಿನಗಳಲ್ಲಿ ತೀರಿಕೊಂಡ. ಸ್ಥಳದಲ್ಲಿ ತುರ್ತು ವೈದ್ಯಕೀಯ ವ್ಯವಸ್ಥೆಯೇ ಇರಲಿಲ್ಲ ಎಂದು ಕುಟುಂಬ ದೂರಿತ್ತು.

ತಲೆಯೊಳಗೆ ಏನಾಗುತ್ತದೆ

ದವಡೆಗೆ ಪಕ್ಕದಿಂದ ಬೀಳುವ ಹುಕ್ ತಲೆಯನ್ನು ಸರ್ರನೆ ತಿರುಗಿಸುತ್ತದೆ. ಬುರುಡೆ ತಿರುಗಿದಷ್ಟು ಬೇಗ ಒಳಗಿನ ಮೆದುಳು ತಿರುಗುವುದಿಲ್ಲ. ಮೆದುಳಿನ ಮೇಲ್ಮೈಯಿಂದ ಅದರ ಹೊರಪೊರೆಯ ದೊಡ್ಡ ರಕ್ತನಾಳಗಳಿಗೆ ಹೋಗುವ ಸಣ್ಣ ಅಭಿಧಮನಿಗಳು ಆ ಜಗ್ಗಾಟದಲ್ಲಿ ಹರಿಯಬಹುದು. ರಕ್ತ ಪೊರೆಯ ಕೆಳಗೆ ಸೇರುತ್ತ ಹೋಗಿ ಮೆದುಳನ್ನು ಒತ್ತುತ್ತದೆ. ಇದೇ ಸಬ್‌ಡ್ಯೂರಲ್ ಹೆಮಟೋಮಾ. ರಿಂಗ್‌ನಲ್ಲಾಗುವ ಸಾವುಗಳಲ್ಲಿ ಬಹುಪಾಲಿಗೆ ಇದೇ ಕಾರಣ.

ಇದರ ಮೋಸ ಇರುವುದು ಸಮಯದಲ್ಲಿ. ರಕ್ತ ಸೇರಲು ನಿಮಿಷಗಳೂ ಆಗಬಹುದು, ಗಂಟೆಗಳೂ ಆಗಬಹುದು. ಆ ನಡುವಿನ ಹೊತ್ತಲ್ಲಿ ಹುಡುಗ ಮಾತಾಡುತ್ತಾನೆ, ನೀರು ಕುಡಿಯುತ್ತಾನೆ, ಫೋಟೊಗೆ ನಿಲ್ಲುತ್ತಾನೆ. 2013ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಹತ್ತು ಸುತ್ತು ಆಡಿದ ಹೆವಿವೇಟ್ ಮಾಗೊಮೆದ್ ಅಬ್ದುಸಲಾಮೊವ್ ಅದುವರೆಗೆ 18 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಪಂದ್ಯದ ನಂತರ ತಲೆನೋವು ಎಂದಾಗ ಆಂಬುಲೆನ್ಸ್ ಬದಲು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋಗಬೇಕಾಯಿತು. ಜೀವ ಉಳಿಯಿತು, ಮಾತು ಮತ್ತು ನಡಿಗೆ ಹೋಯಿತು. 2017ರಲ್ಲಿ ನ್ಯೂಯಾರ್ಕ್ ರಾಜ್ಯ 2.2 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. 2015ರ ಅಕ್ಟೋಬರ್‌ನಲ್ಲಿ ಪೋರ್ಟೊರಿಕೊ ಮೂಲದ ಪ್ರಿಚರ್ಡ್ ಕೊಲೋನ್, ಅವರೂ 16 ಪಂದ್ಯಗಳಲ್ಲಿ ಅಜೇಯರು, ತಲೆಯ ಹಿಂಭಾಗಕ್ಕೆ ಪದೇ ಪದೇ ಪೆಟ್ಟು ತಿಂದು ತಲೆ ಸುತ್ತುತ್ತಿದೆ ಎಂದು ಹೇಳಿದರೂ ಪಂದ್ಯ ಮುಂದುವರಿಯಿತು. ಡ್ರೆಸ್ಸಿಂಗ್ ರೂಮಿನಲ್ಲಿ ವಾಂತಿ ಮಾಡಿಕೊಂಡು ಕುಸಿದರು. ಕೋಮಾದಲ್ಲಿ 221 ದಿನ ಕಳೆದರು. ತಲೆಯ ಹಿಂಬದಿಗೆ ಹೊಡೆಯುವುದು ಫೌಲ್. ರೆಫರಿ ಅದನ್ನು ಎಷ್ಟು ಕಟ್ಟುನಿಟ್ಟಾಗಿ ತಡೆಯುತ್ತಾನೆ ಎಂಬುದು ಅಂಕದ ವಿಷಯಕ್ಕಿಂತ ಹೆಚ್ಚಾಗಿ ಪ್ರಾಣದ ವಿಷಯ.

ತಲೆಗೆ ಪೆಟ್ಟು ಬಿದ್ದವನಲ್ಲಿ ಗಮನಿಸಬೇಕಾದವು ಇವು: ಹೆಚ್ಚುತ್ತ ಹೋಗುವ ತಲೆನೋವು, ಒಂದಕ್ಕಿಂತ ಹೆಚ್ಚು ಸಲ ವಾಂತಿ, ಮಂಪರು, ತೊದಲು ಮಾತು, ಒಂದು ಕೈ ಅಥವಾ ಕಾಲಿನ ಶಕ್ತಿ ಕುಗ್ಗುವುದು, ಫಿಟ್ಸ್, ಎರಡು ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ. ಇವುಗಳಲ್ಲಿ ಒಂದು ಕಂಡರೂ ಸಿಟಿ ಸ್ಕ್ಯಾನ್ ಆಗಬೇಕು. ಸ್ಕ್ಯಾನ್ ಯಂತ್ರದಲ್ಲಿ ಹಿಡಿಯುವ ಹೊತ್ತು ಕೆಲವೇ ನಿಮಿಷ. ಕೋಮಾಕ್ಕೆ ಹೋದ ಸಬ್‌ಡ್ಯೂರಲ್ ರೋಗಿಗಳ ಬಗ್ಗೆ 1981ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ, ನಾಲ್ಕು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದವರಲ್ಲಿ ಸುಮಾರು ಶೇ 30ರಷ್ಟು ಮಂದಿ ಸತ್ತರೆ, ತಡವಾದವರಲ್ಲಿ ಶೇ 90ರಷ್ಟು ಮಂದಿ ಸತ್ತಿದ್ದರು. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಹೆದ್ದಾರಿ ಎಷ್ಟು ಚೆನ್ನಾಗಿದ್ದರೂ ಆ ನಾಲ್ಕು ಗಂಟೆ ರಸ್ತೆಯಲ್ಲೇ ಕಳೆದುಹೋಗುತ್ತದೆ. "ನಿಮ್ಹಾನ್ಸ್‌ಗೇ ಕರ್ಕೊಂಡ್ ಹೋಗೋಣ" ಎಂಬ ಹಟ ಇಂಥ ಹೊತ್ತಲ್ಲಿ ಬೇಡ. ಎರಡು ವೈದ್ಯಕೀಯ ಕಾಲೇಜುಗಳಿರುವ ಊರಿನಲ್ಲಿ ಮೊದಲ ಸ್ಕ್ಯಾನ್, ಮೊದಲ ನಿರ್ಧಾರ ಎರಡೂ ಇಲ್ಲೇ ಆಗಬೇಕು.

ಮಾಡಬಾರದ್ದನ್ನೂ ಹೇಳಬೇಕು. ಪೆಟ್ಟು ಬಿದ್ದವನ ಕತ್ತು ಹಿಡಿದು ನೆಟಿಗೆ ತೆಗೆಯುವುದು, ಕತ್ತಿಗೆ ಎಣ್ಣೆ ಹಚ್ಚಿ ತಿಕ್ಕುವುದು ಬೇಡ. ಕತ್ತಿನ ಮೂಳೆಗೂ ಪೆಟ್ಟಾಗಿರಬಹುದು. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದರಿಂದ, ಮೂಗಿಗೆ ಈರುಳ್ಳಿ ಹಿಡಿಯುವುದರಿಂದ ಪ್ರಯೋಜನವಿಲ್ಲ. ಬಾಯೊಳಗಿನ ಗಾರ್ಡ್ ಸುಲಭವಾಗಿ ಬರುವಂತಿದ್ದರೆ ತೆಗೆದು, ತಲೆ ಮತ್ತು ಕತ್ತನ್ನು ಒಂದೇ ನೇರದಲ್ಲಿ ಹಿಡಿದು ಪಕ್ಕಕ್ಕೆ ಮಲಗಿಸಬೇಕು. ನೋವಿಗೆ ಆಸ್ಪಿರಿನ್, ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೊಡಬಾರದು, ರಕ್ತಸ್ರಾವ ಹೆಚ್ಚಬಹುದು. ಪಂದ್ಯಕ್ಕೆ ಮುಂಚೆ ಕೈ ನೋವಿಗೆಂದು ಡೈಕ್ಲೊ ನುಂಗಿ ಬರುವ ಚಾಳಿಗೂ ಇದೇ ಮಾತು ಅನ್ವಯಿಸುತ್ತದೆ.

ಮೆದುಳಿನಲ್ಲಿ ಒಮ್ಮೆ ರಕ್ತಸ್ರಾವ ಆಯಿತೆಂದರೆ ವೃತ್ತಿ ಅಲ್ಲಿಗೆ ಮುಗಿಯಿತು. ಇದರಲ್ಲಿ ಚೌಕಾಶಿ ಇಲ್ಲ. 2016ರ ಮಾರ್ಚ್‌ನಲ್ಲಿ ಕ್ರಿಸ್ ಯೂಬ್ಯಾಂಕ್ ಜೂನಿಯರ್ ಎದುರು ಸೋತ ಬ್ರಿಟನ್ನಿನ ನಿಕ್ ಬ್ಲ್ಯಾಕ್‌ವೆಲ್ ಅವರಿಗೆ ಸಣ್ಣ ಪ್ರಮಾಣದ ರಕ್ತಸ್ರಾವವಾಗಿತ್ತು. ಕೋಮಾದಿಂದ ಎದ್ದರು, ಚೇತರಿಸಿಕೊಂಡರು, ಲೈಸೆನ್ಸ್ ಹೋಯಿತು. ಅದೇ ವರ್ಷ ನವೆಂಬರ್‌ನಲ್ಲಿ ಅನುಮತಿಯಿಲ್ಲದೆ ಸ್ಪಾರಿಂಗ್, ಅಂದರೆ ಜೋಡಿಯ ಜತೆ ಅಭ್ಯಾಸದ ಕಾದಾಟ, ಮಾಡಿದರು; ಮತ್ತೆ ರಕ್ತಸ್ರಾವ, ಈ ಸಲ ಬುರುಡೆ ತೆರೆಯಬೇಕಾಯಿತು. "ಪಂದ್ಯ ಬೇಡ, ಬರೀ ಸ್ಪಾರಿಂಗ್ ಮಾಡ್ತೀನಿ" ಎನ್ನುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಸಿಗದು.

2025ರ ಆಗಸ್ಟ್ 2ರಂದು ಟೋಕಿಯೊದ ಕೊರಾಕುಯೆನ್ ಹಾಲ್‌ನಲ್ಲಿ ಒಂದೇ ದಿನದ ಕಾರ್ಯಕ್ರಮದಲ್ಲಿ ಆಡಿದ ಶಿಗೆತೊಶಿ ಕೊತಾರಿ ಮತ್ತು ಹಿರೊಮಾಸಾ ಉರಕಾವಾ, ಇಬ್ಬರೂ 28ರ ಪ್ರಾಯದವರು, ಸಬ್‌ಡ್ಯೂರಲ್ ರಕ್ತಸ್ರಾವದಿಂದ ಸತ್ತರು. ಜಪಾನಿನ ಬಾಕ್ಸಿಂಗ್ ಆಯೋಗ ಒಪಿಬಿಎಫ್ (ಏಷ್ಯಾ-ಪೆಸಿಫಿಕ್ ಬಾಕ್ಸಿಂಗ್ ಒಕ್ಕೂಟ) ಪ್ರಶಸ್ತಿ ಪಂದ್ಯಗಳನ್ನು 12 ಸುತ್ತಿನಿಂದ 10ಕ್ಕೆ ಇಳಿಸಿತು. 1982ರಲ್ಲಿ ಕೊರಿಯಾದ ಕಿಮ್ ಡುಕ್ ಕೂ ಸತ್ತಾಗಲೂ ವೃತ್ತಿಪರ ಬಾಕ್ಸಿಂಗ್‌ನ ಜಾಗತಿಕ ಸಂಸ್ಥೆ ಡಬ್ಲ್ಯುಬಿಸಿ ತನ್ನ ಪ್ರಶಸ್ತಿ ಪಂದ್ಯಗಳನ್ನು 15ರಿಂದ 12ಕ್ಕೆ ಇಳಿಸಿತ್ತು. ಸುತ್ತು ಕಡಿಮೆ ಮಾಡುವುದು ಒಳ್ಳೆಯದೇ. ಆದರೆ ಅದು ಕಣ್ಣಿಗೆ ಕಾಣುವ, ಘೋಷಿಸಲು ಸುಲಭವಾದ ಕ್ರಮ. ಬಾಕ್ಸರ್ ತನ್ನ ತಲೆಗೆ ತಿನ್ನುವ ಪೆಟ್ಟುಗಳಲ್ಲಿ ಹೆಚ್ಚಿನವು ಟಿಕೆಟ್ ಕೊಂಡವರ ಎದುರು ಬೀಳುವುದಿಲ್ಲ. ಜಿಮ್‌ನಲ್ಲಿ, ಸ್ಪಾರಿಂಗ್‌ನಲ್ಲಿ ಬೀಳುತ್ತವೆ. ಅಲ್ಲಿ ಲೆಕ್ಕ ಇಡುವವರಿಲ್ಲ.

ಸಣ್ಣ ಊರಿನಲ್ಲಿ ಸ್ಪಾರಿಂಗ್‌ನ ಕಷ್ಟವೇ ಬೇರೆ. ಸಮ ತೂಕದ ಜೋಡಿ ಸಿಗುವುದಿಲ್ಲ. 57 ಕಿಲೋದ ಹುಡುಗ 70 ಕಿಲೋದವನ ಎದುರು ದಿನಾ ನಿಲ್ಲುತ್ತಾನೆ, ಅದನ್ನೇ ಗಟ್ಟಿಯಾಗುವುದು ಎಂದು ತಿಳಿಯುತ್ತಾನೆ. ಜೋಡಿ ಸಿಗದ ಕಡೆ ನಿಬಂಧನೆ ಹಾಕಿ ಆಡಿಸುವುದೇ ದಾರಿ: ಒಂದು ದಿನ ಬರೀ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು), ಇನ್ನೊಂದು ದಿನ ಕತ್ತಿನಿಂದ ಕೆಳಗೆ ಮಾತ್ರ. ಪೂರ್ತಿ ಬಲದ ಸ್ಪಾರಿಂಗ್ ವಾರಕ್ಕೆ ಒಂದು ದಿನಕ್ಕಿಂತ ಹೆಚ್ಚು ಬೇಡ, 16 ಔನ್ಸ್ ಗ್ಲೌಸ್‌ನಲ್ಲಿ. ಪಂದ್ಯಕ್ಕೆ ಹತ್ತು ದಿನ ಇರುವಾಗ ಅದನ್ನೂ ನಿಲ್ಲಿಸಬೇಕು. ಹೆಡ್‌ಗಾರ್ಡ್ ಇದೆಯಲ್ಲ ಎಂಬ ಧೈರ್ಯ ಅರ್ಧ ಸುಳ್ಳು. ಅದು ಚರ್ಮ ಸೀಳುವುದನ್ನು ತಡೆಯುತ್ತದೆ, ಮೆದುಳಿನ ತಿರುಚಾಟವನ್ನು ತಡೆಯುವುದಿಲ್ಲ. ಪುರುಷರ ಹವ್ಯಾಸಿ ಬಾಕ್ಸಿಂಗ್‌ನ ಉನ್ನತ ಮಟ್ಟದಲ್ಲಿ 2013ರಿಂದ ಹೆಡ್‌ಗಾರ್ಡ್ ಇಲ್ಲ.

ಹೆಡ್‌ಗಾರ್ಡ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಒಂದು ಹಾಳೆ. ಪೆಟ್ಟಿನಿಂದ ಮೆದುಳು ಅದುರಿದೆಯೇ ಎಂದು ನೋಡುವ ಸ್ಕ್ಯಾಟ್-6 ಎಂಬ ಪರೀಕ್ಷೆ 13 ವರ್ಷ ಮೇಲ್ಪಟ್ಟ ಆಟಗಾರರಿಗೆಂದೇ ಇದೆ. ಕಾಲು ಗಂಟೆ ಸಾಕು. ಹತ್ತು ಪದ ಹೇಳಿ ನೆನಪಿನಿಂದ ಮರಳಿ ಹೇಳಿಸುವುದು, ಅಂಕಿಗಳನ್ನು ಮತ್ತು ತಿಂಗಳುಗಳನ್ನು ಹಿಮ್ಮುಖವಾಗಿ ಹೇಳಿಸುವುದು, ಒಂಟಿ ಕಾಲಲ್ಲಿ ನಿಲ್ಲಿಸುವುದು, ಮೂರು ಮೀಟರ್ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಸುವುದು ಅದರಲ್ಲಿವೆ. ಸೀಸನ್ ಶುರುವಾಗುವ ಮುಂಚೆ ಒಮ್ಮೆ ಮಾಡಿ ಅಂಕ ಬರೆದಿಟ್ಟರೆ ಪೆಟ್ಟಿನ ನಂತರದ ಅಂಕವನ್ನು ಅದರ ಜತೆ ಹೋಲಿಸಬಹುದು. ಪರೀಕ್ಷೆ ಹುಡುಗನ ಮನೆ ಮಾತಿನಲ್ಲೇ ನಡೆಯಬೇಕು, ಎರಡೂ ಸಲ ಅದೇ ಭಾಷೆಯಲ್ಲಿ. ಮನೆಯಲ್ಲಿ ಉರ್ದುವೋ ಲಂಬಾಣಿಯೋ ಆಡುವವನಿಗೆ ಇಂಗ್ಲಿಷ್ ತಿಂಗಳು ಹಿಮ್ಮುಖವಾಗಿ ಹೇಳು ಎಂದರೆ ಬರುವ ಅಂಕ ಮೆದುಳಿನದಾಗಿರುವುದಿಲ್ಲ. ಒಂದು ಎಚ್ಚರಿಕೆ: ಮೊದಲ ಸಲ ಬೇಕೆಂದೇ ತಪ್ಪು ಹೇಳಿ ಅಂಕ ಇಳಿಸಿಕೊಳ್ಳುವ ಜಾಣರಿದ್ದಾರೆ.

ನಾಕ್‌ಔಟ್ ಆದವನ, ಅಂದರೆ ತಲೆಗೆ ಪೆಟ್ಟು ತಿಂದು ಹತ್ತು ಎಣಿಸುವುದರೊಳಗೆ ಆಟಕ್ಕೆ ಮರಳಲಾಗದವನ, ವಿರಾಮಕ್ಕೆ ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಬಳಕೆಯಲ್ಲಿರುವ ಅಳತೆ ಸರಳ: ಎಚ್ಚರ ತಪ್ಪದಿದ್ದರೆ ಕನಿಷ್ಠ 30 ದಿನ, ಒಂದು ನಿಮಿಷದೊಳಗೆ ಎಚ್ಚರ ಬಂದರೆ 90, ಅದಕ್ಕಿಂತ ಹೆಚ್ಚಾದರೆ 180 ದಿನ. ಸ್ಪಾರಿಂಗ್‌ಗೂ ಇದೇ ಲೆಕ್ಕ ಹಿಡಿಯಬೇಕು. ಮೊದಲ ಪೆಟ್ಟಿನ ಊತ ಇಳಿಯುವ ಮುಂಚೆ ಎರಡನೆಯದು ಬಿದ್ದರೆ, ಅದು ಸಣ್ಣದಿದ್ದರೂ, ಮೆದುಳು ಒಮ್ಮೆಲೇ ಬಾತುಕೊಳ್ಳುವ ಅಪಾಯವಿದೆ, ಅದರಲ್ಲೂ ಹದಿಹರೆಯದವರಲ್ಲಿ.

ಎಂಆರ್‌ಐ ಬಗ್ಗೆ ಎರಡು ಮಾತು. ವೃತ್ತಿಪರ ಲೈಸೆನ್ಸ್‌ಗೆ ಹಲವು ದೇಶಗಳಲ್ಲಿ ಅದು ಕಡ್ಡಾಯ. ಮಾಡಿಸುವಾಗ ಹಳೆಯ ಸೂಕ್ಷ್ಮ ರಕ್ತಸ್ರಾವದ ಗುರುತು ತೋರಿಸುವ ಎಸ್‌ಡಬ್ಲ್ಯುಐ ಸೇರಿಸಿ ಎಂದು ಬಾಕ್ಸಿಂಗ್ ವಿಷಯ ಹೇಳಿಯೇ ಬರೆಸಬೇಕು. ಮಾಮೂಲಿ ತಲೆನೋವಿನ ಎಂಆರ್‌ಐಯಲ್ಲಿ ಅದು ಬಿಟ್ಟುಹೋಗಬಹುದು. ಏನೂ ತೊಂದರೆಯಿಲ್ಲದ ಹುಡುಗನ ತಲೆಯಲ್ಲಿ ಹುಟ್ಟಿನಿಂದ ಬಂದ ಅರಾಕ್ನಾಯ್ಡ್ ಸಿಸ್ಟ್, ಅಂದರೆ ನೀರುಗುಳ್ಳೆ, ಕಾಣಿಸಬಹುದು. ಸಾಮಾನ್ಯ ಬದುಕಿಗೆ ಅದು ಅಡ್ಡಿಯಿಲ್ಲ, ಆದರೆ ಬಾಕ್ಸಿಂಗ್ ಲೈಸೆನ್ಸ್ ತಪ್ಪಬಹುದು. ಐದು ವರ್ಷ ಬೆವರು ಸುರಿಸಿದ ಮೇಲೆ ಇದು ಗೊತ್ತಾಗುವುದಕ್ಕಿಂತ, ವೃತ್ತಿಪರನಾಗುವ ಯೋಚನೆ ಬಂದ ದಿನವೇ ಗೊತ್ತಾಗುವುದು ಎಷ್ಟೋ ಮೇಲು.

ತೂಕದ ಆಟ

ತೂಕ ಇಳಿಸುವ ವಿಷಯ ಕುಸ್ತಿ ಊರಿಗೆ ಹೊಸದಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚಾಗಿ ಫೈನಲ್ ಕಳೆದುಕೊಂಡಾಗ ಇಡೀ ದೇಶ ಆ ಕಸರತ್ತಿನ ಬಗ್ಗೆ ಓದಿತು. ಕುಸ್ತಿಯಲ್ಲಿ ತೂಕ ನೋಡುವುದು ಪಂದ್ಯದ ದಿನ ಬೆಳಿಗ್ಗೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಹಿಂದಿನ ದಿನ. ಆ ಒಂದು ದಿನದ ಅಂತರವೇ ಆಸೆ ಹುಟ್ಟಿಸುತ್ತದೆ: ಇನ್ನೂ ನಾಲ್ಕು ಕಿಲೋ ಇಳಿಸೋಣ, ರಾತ್ರಿಯಿಡೀ ಕುಡಿದು ತುಂಬಿಸಿಕೊಳ್ಳೋಣ.

ಹಾಗೆ ತುಂಬುವುದಿಲ್ಲ. ಹೊಟ್ಟೆಗೆ ಬಿದ್ದ ನೀರು ಗಂಟೆಗಳಲ್ಲಿ ರಕ್ತ ಸೇರಿದರೂ ಸ್ನಾಯು ಮತ್ತು ಮೆದುಳಿನ ಸುತ್ತಲಿನ ದ್ರವ ಸಮಸ್ಥಿತಿಗೆ ಬರಲು ಹೆಚ್ಚು ಹೊತ್ತು ಬೇಕು. ಒಣಗಿದ ದೇಹದಲ್ಲಿ ತಲೆ ಪೆಟ್ಟಿನ ಅಪಾಯ ಹೆಚ್ಚು ಎಂಬುದು ಈ ಕ್ಷೇತ್ರದ ವೈದ್ಯರ ಬಲವಾದ ಶಂಕೆ, ಪೂರ್ತಿ ಸಾಬೀತಾಗಿಲ್ಲ. ಮೂತ್ರಪಿಂಡದ ಮೇಲಿನ ಹೊಡೆತ ಮಾತ್ರ ಸಾಬೀತಾದದ್ದೇ. ಏಪ್ರಿಲ್ ಬಿಸಿಲಲ್ಲಿ ರೇನ್‌ಕೋಟ್ ತೊಟ್ಟು ಓಡಿ, ಮೇಲೆ ನೋವಿನ ಗುಳಿಗೆ ನುಂಗಿದರೆ ಮೂತ್ರಪಿಂಡಕ್ಕೆ ರಕ್ತ ಹರಿಯುವುದು ಎರಡು ಕಡೆಯಿಂದ ಕುಗ್ಗುತ್ತದೆ. ಅತಿಯಾದ ಕಸರತ್ತಿನಿಂದ ಸ್ನಾಯು ಒಡೆದು ಅದರ ಪ್ರೋಟೀನ್ ರಕ್ತಕ್ಕೆ ಬಂದರೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕಂಡ ದಿನವೇ ಆಸ್ಪತ್ರೆ. ಎಳನೀರು ಕುಡಿದು ಮಲಗುವ ಕಾಯಿಲೆ ಅದಲ್ಲ. ಲ್ಯಾಸಿಕ್ಸ್‌ನಂಥ ಮೂತ್ರ ಹೆಚ್ಚಿಸುವ ಗುಳಿಗೆಗಳು ಪೊಟ್ಯಾಸಿಯಂ ಇಳಿಸಿ ಎದೆಬಡಿತ ಕೆಡಿಸುತ್ತವೆ, ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲೂ ಇವೆ.

1997ರಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ಹೋಗಿ ಮೂವರು ಕಾಲೇಜು ಕುಸ್ತಿಪಟುಗಳು ಸತ್ತ ಮೇಲೆ ಮೈಯ ನೀರು ಎಷ್ಟು ಒಣಗಿದೆ ಎಂದು ತಿಳಿಯಲು ಅಲ್ಲಿ ಮೂತ್ರದ ಸಾಂದ್ರತೆ ನೋಡುವ ನಿಯಮ ಬಂತು: 1.020 ದಾಟಿರಬಾರದು. ಇದನ್ನು ಅಳೆಯುವ ಪಟ್ಟಿ ಲ್ಯಾಬ್‌ಗಳಲ್ಲಿ ಸಿಗುವ ಅಗ್ಗದ ವಸ್ತು. ಪ್ರತಿ ತೂಕದ ದಿನ ಬಳಸಿದರೆ ಸುಳ್ಳು ಹೇಳಲಾಗುವುದಿಲ್ಲ. ಡಬ್ಲ್ಯುಬಿಸಿಯ ಅಳತೆಯೂ ಅನುಸರಿಸಲು ಯೋಗ್ಯ. ಪಂದ್ಯಕ್ಕೆ 30 ದಿನ ಇರುವಾಗ ಮಿತಿಗಿಂತ ಶೇ 10, ಏಳು ದಿನ ಇರುವಾಗ ಶೇ 5ಕ್ಕಿಂತ ಹೆಚ್ಚಿರಬಾರದು. 61.2 ಕಿಲೋ ಮಿತಿಯ ಲೈಟ್‌ವೇಟ್ ಹುಡುಗ ತಿಂಗಳ ಮುಂಚೆ 67.3, ವಾರದ ಮುಂಚೆ 64.3 ಕಿಲೋ ದಾಟಬಾರದು. ದಾಟಿದ್ದರೆ ಅವನು ತಪ್ಪು ತೂಕದಲ್ಲಿ ಆಡುತ್ತಿದ್ದಾನೆ ಎಂದರ್ಥ. ಆ ಕೊನೆಯ ವಾರ ಮಂಡಕ್ಕಿ ಮಿರ್ಚಿಗೆ ರಜೆ ಕೊಡುವುದು ಒಳ್ಳೆಯದು. ಅದರ ಉಪ್ಪು ನೀರನ್ನು ಹಿಡಿದಿಟ್ಟು ತಕ್ಕಡಿಯಲ್ಲಿ ಕಾಣಿಸಿಕೊಳ್ಳುತ್ತದೆ.

ತೂಕ ಮುಗಿದ ಮೇಲೆ ಕಳೆದ ಪ್ರತಿ ಕಿಲೋಗೆ ಒಂದೂವರೆ ಲೀಟರ್ ದ್ರವ, ಒಂದೇ ಸಲ ಅಲ್ಲ, ಗಂಟೆಗಳುದ್ದಕ್ಕೂ. ಓಆರ್‌ಎಸ್ ಬಳಸುವಾಗ ಪೊಟ್ಟಣದ ಮೇಲಿನ ಅಳತೆ ಓದಬೇಕು. ಒಂದು ಲೀಟರಿಗೆ ಬೆರೆಸಬೇಕಾದ ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕುಡಿದರೆ ಉಪ್ಪು ಹೆಚ್ಚಾಗಿ ವಾಂತಿ, ಭೇದಿ ಶುರುವಾಗುತ್ತದೆ. 200 ಎಂಎಲ್‌ಗೆಂದೇ ಸಣ್ಣ ಪೊಟ್ಟಣ ಬರುತ್ತದೆ.

ಕಣ್ಣು, ಎದೆ, ರಕ್ತ

ಕಣ್ಣಿನ ಪರೀಕ್ಷೆ ಎಂದರೆ ಗೋಡೆಯ ಮೇಲಿನ ಅಕ್ಷರ ಓದಿಸುವುದಲ್ಲ. ಹನಿ ಹಾಕಿ ಪಾಪೆ ಹಿಗ್ಗಿಸಿ ರೆಟಿನಾದ ಅಂಚಿನವರೆಗೆ ನೋಡಬೇಕು. ಹನಿಯ ನಂತರ ಕೆಲವು ಗಂಟೆ ಮಸುಕಾಗಿರುತ್ತದೆ, ಬೈಕ್ ಓಡಿಸಬಾರದು. ಅಂಚಿನಲ್ಲಿ ಸಣ್ಣ ಹರಕು ಸಿಕ್ಕರೆ ಲೇಸರ್‌ನಿಂದ ಅದರ ಸುತ್ತ ಬೆಸುಗೆ ಹಾಕಿ ನಿಲ್ಲಿಸಬಹುದು. ಬಿಟ್ಟರೆ ದ್ರವ ಒಳನುಗ್ಗಿ ರೆಟಿನಾ ಬಿಚ್ಚಿಕೊಳ್ಳುತ್ತದೆ. ಕಣ್ಣೆದುರು ಮಿಂಚು, ಇದ್ದಕ್ಕಿದ್ದಂತೆ ಹೆಚ್ಚಾದ ಕಪ್ಪು ಚುಕ್ಕೆಗಳು, ಪಕ್ಕದಿಂದ ಪರದೆ ಇಳಿದಂತೆ ನೆರಳು, ಇವು ಅದರ ಕುರುಹು. ನಡುವಿನ ಮ್ಯಾಕ್ಯುಲಾ ಬಿಚ್ಚುವ ಮುಂಚೆ ಶಸ್ತ್ರಚಿಕಿತ್ಸೆ ಆದರೆ ದೃಷ್ಟಿ ಉಳಿಯುವ ಸಾಧ್ಯತೆ ಹೆಚ್ಚು, ಹಾಗಾಗಿ ಹಬ್ಬ ಮುಗಿಯಲಿ ಎಂದು ಕಾಯುವಂತಿಲ್ಲ. ದಪ್ಪ ಮೈನಸ್ ಕನ್ನಡಕದವರಿಗೆ ಈ ಅಪಾಯ ಹೆಚ್ಚು. ಕನ್ನಡಕ ಬಿಡಲು ಲೇಸಿಕ್ ಎಂಬ ಲೇಸರ್ ಚಿಕಿತ್ಸೆ ಮಾಡಿಸಿಕೊಂಡರೆ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮೇಲೆ ಒಂದು ಪದರದ ಮುಚ್ಚಳ ಉಳಿಯುತ್ತದೆ, ಗುದ್ದಿಗೆ ಅದು ಸರಿಯಬಹುದು. ಬಾಕ್ಸರ್ ಎಂದು ಮೊದಲೇ ಹೇಳಿದರೆ ವೈದ್ಯರು ಮುಚ್ಚಳವಿಲ್ಲದ ಪಿಆರ್‌ಕೆ ಎಂಬ ಲೇಸರ್ ಚಿಕಿತ್ಸೆ ಸೂಚಿಸಬಹುದು.

ಗೂಡಿನ ಮೂಳೆ ಮುರಿದಾಗ ಮೇಲೆ ನೋಡಿದರೆ ಎರಡೆರಡು ಕಾಣುತ್ತದೆ, ಕೆನ್ನೆ ಮತ್ತು ಮೇಲ್ದುಟಿ ಜೋಮು ಹಿಡಿಯುತ್ತದೆ. ಆಗ ಮೂಗು ಸೀದಬಾರದು. ಸೈನಸ್ಸಿನ ಗಾಳಿ ಮುರಿದ ಜಾಗದಿಂದ ಕಣ್ಣಿನ ಹಿಂದೆ ನುಗ್ಗುತ್ತದೆ.

ಎದೆಯ ವಿಷಯದಲ್ಲಿ ಮೊದಲ ಪ್ರಶ್ನೆ ಮನೆಯವರಿಗೆ: ವಂಶದಲ್ಲಿ ಯಾರಾದರೂ 50ರೊಳಗೆ ಹಠಾತ್ತನೆ ಸತ್ತಿದ್ದಾರೆಯೇ? ಓಡುವಾಗ ಹುಡುಗ ಎಚ್ಚರ ತಪ್ಪಿದ್ದುಂಟೇ? ಆಮೇಲೆ ಇಸಿಜಿ, ಬೇಕಾದರೆ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್. ಕಸರತ್ತಿನಿಂದ ಹೃದಯದ ಗೋಡೆ ಸ್ವಲ್ಪ ದಪ್ಪವಾಗುವುದು ಸಹಜ. 12 ಮಿಲಿಮೀಟರ್‌ವರೆಗೆ ಚಿಂತೆಯಿಲ್ಲ, 15 ದಾಟಿದರೆ ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ, ಅಂದರೆ ಹೃದಯದ ಸ್ನಾಯು ಅತಿಯಾಗಿ ದಪ್ಪವಾಗುವ ಕಾಯಿಲೆ, ಇರುವ ಶಂಕೆ. ನಡುವಿನ 13ರಿಂದ 15 ಗೊಂದಲದ ವಲಯ. ಅಲ್ಲಿ ಮೂರು ತಿಂಗಳು ತಾಲೀಮು ನಿಲ್ಲಿಸಿ ಮತ್ತೆ ಎಕೋ ಮಾಡಿ ನೋಡುವುದುಂಟು: ಗೋಡೆ ತೆಳುವಾದರೆ ಅದು ಕಸರತ್ತಿನ ಹೃದಯ, ಆಗದಿದ್ದರೆ ಕಾಯಿಲೆ. ಮೂರು ತಿಂಗಳು ಸುಮ್ಮನೆ ಕೂರಲು ಯಾವ ಪೈಲ್ವಾನನೂ ಸುಲಭಕ್ಕೆ ಒಪ್ಪುವುದಿಲ್ಲ.

ಮಳೆಗಾಲದಲ್ಲಿ ಡೆಂಗಿ ಬಂದವನು ಜ್ವರ ಬಿಟ್ಟ ಕೂಡಲೇ ಜಿಮ್‌ಗೆ ಹೋಗಬಾರದು. ಜ್ವರ ಇಳಿಯುವ ಹೊತ್ತಿಗೇ ಪ್ಲೇಟ್‌ಲೆಟ್ ಪಾತಾಳ ಮುಟ್ಟಿರುತ್ತದೆ; ಆಗ ಬೀಳುವ ಸಣ್ಣ ಗುದ್ದೂ ಒಳಗೆ ರಕ್ತ ಸುರಿಸಬಹುದು. ವೈರಲ್ ಜ್ವರದ ಬೆನ್ನಿಗೆ ಎದೆನೋವು, ಏದುಸಿರು ಬಂದರೆ ಹೃದಯ ಸ್ನಾಯುವಿನ ಉರಿಯೂತ ಇರಬಹುದು. ಅದು ಖಚಿತವಾದರೆ ಮೂರರಿಂದ ಆರು ತಿಂಗಳು ಆಟವಿಲ್ಲ.

ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮೂರನ್ನೂ ವೃತ್ತಿಪರ ಮಂಡಳಿಗಳು ಕೇಳುತ್ತವೆ. 1996ರಲ್ಲಿ ಅಮೆರಿಕದ ಹೆವಿವೇಟ್ ಟಾಮಿ ಮಾರಿಸನ್ ಅವರ ಹಾದಿ ನಿಂತದ್ದು ಇಂಥ ಎಚ್‌ಐವಿ ಪರೀಕ್ಷೆಯಲ್ಲೇ. ಮೂರರಲ್ಲಿ ಹೆಪಟೈಟಿಸ್ ಬಿ ತಡೆಯಬಹುದಾದದ್ದು. ದೇಶದಾದ್ಯಂತ ಶಿಶುಗಳ ಲಸಿಕೆ ಪಟ್ಟಿಗೆ ಅದು ಸೇರಿದ್ದು 2011ರಲ್ಲಿ, ಆದ್ದರಿಂದ ಈಗ ಇಪ್ಪತ್ತು ದಾಟಿದ ಅನೇಕರಿಗೆ ಲಸಿಕೆ ಬಿದ್ದಿರಲಾರದು. ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ, ಹೀಗೆ ಮೂರು ಚುಚ್ಚುಮದ್ದು. ಮುಗಿದ ಒಂದೆರಡು ತಿಂಗಳಿಗೆ ಪ್ರತಿಕಾಯದ ಮಟ್ಟ 10 ದಾಟಿದೆಯೇ ಎಂದು ನೋಡಿದರೆ ಕೆಲಸ ಪೂರ್ತಿ.

ಪಂದ್ಯದ ಜಾಗ ಮತ್ತು ಆಸ್ಪತ್ರೆಯ ನಡುವೆ

1991ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಕ್ರಿಸ್ ಯೂಬ್ಯಾಂಕ್ ಎದುರು ಕುಸಿದ ಮೈಕೆಲ್ ವಾಟ್ಸನ್ ಅವರನ್ನು ಮೊದಲು ಒಯ್ದ ಆಸ್ಪತ್ರೆಯಲ್ಲಿ ಮೆದುಳು ಶಸ್ತ್ರಚಿಕಿತ್ಸೆಯ ವಿಭಾಗವೇ ಇರಲಿಲ್ಲ. ಅಲ್ಲಿಂದ ಇನ್ನೊಂದಕ್ಕೆ ಸಾಗಿಸಬೇಕಾಯಿತು. ಅವರು ಬದುಕಿದರು, ವೃತ್ತಿ ಹೋಯಿತು. ರಿಂಗ್ ಪಕ್ಕದಲ್ಲೇ ಪ್ರಾಣರಕ್ಷಕ ಚಿಕಿತ್ಸೆಯ ವ್ಯವಸ್ಥೆ ಮಾಡದ್ದಕ್ಕೆ ಬ್ರಿಟಿಷ್ ಬಾಕ್ಸಿಂಗ್ ಮಂಡಳಿಯೇ ಹೊಣೆ ಎಂದು ನ್ಯಾಯಾಲಯ ಹೇಳಿತು. ಈಗ ಜಗತ್ತಿನ ಹಲವೆಡೆ ರಿಂಗ್ ಪಕ್ಕ ಕಾಣುವ ಸ್ಟ್ರೆಚರ್, ಆಕ್ಸಿಜನ್‌ಗೆ ಆ ತೀರ್ಪಿನ ಒತ್ತಡವೂ ಕಾರಣ.

ಜಗಳೂರಿನಲ್ಲೋ ಚನ್ನಗಿರಿಯಲ್ಲೋ ಟೂರ್ನಿ ಮಾಡುವವರು ಇದರಿಂದ ತೆಗೆದುಕೊಳ್ಳಬೇಕಾದ್ದು ಇಷ್ಟು. ಹಿಂದಿನ ದಿನವೇ ಆಸ್ಪತ್ರೆಗೆ ಫೋನ್ ಮಾಡಿ, ನಾಳೆ ರಾತ್ರಿ ಸಿಟಿ ಸ್ಕ್ಯಾನ್ ನಡೆಯುತ್ತದೆಯೇ, ನ್ಯೂರೋಸರ್ಜನ್ ಊರಲ್ಲಿರುತ್ತಾರೆಯೇ ಎಂದು ಕೇಳಿ ಬರೆದುಕೊಳ್ಳಬೇಕು. ಹತ್ತಿರದ ಜಿಲ್ಲಾ ಕೇಂದ್ರ ಎಂದರೆ ತಮ್ಮದೇ ಜಿಲ್ಲೆಯದಾಗಬೇಕಿಲ್ಲ; ಮೊಳಕಾಲ್ಮೂರಿನವರಿಗೆ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ. 108ಕ್ಕೆ ಕರೆ ಮಾಡಿ ಕಾಯುವುದು ಸಾಲದು, ಆಂಬುಲೆನ್ಸ್ ಮೈದಾನದಲ್ಲೇ ನಿಂತಿರಬೇಕು, ಅದರ ದಾರಿಗೆ ಬೈಕ್‌ಗಳು ಅಡ್ಡ ನಿಲ್ಲಬಾರದು. ಅದು ಒಬ್ಬನನ್ನು ಹೊತ್ತು ಹೋದರೆ ಇನ್ನೊಂದು ಬರುವವರೆಗೆ ಮುಂದಿನ ಪಂದ್ಯ ನಿಲ್ಲಬೇಕು. ಎಡವುವುದು ಹೆಚ್ಚಾಗಿ ಇಲ್ಲೇ: ಮುಖ್ಯ ಅತಿಥಿ ಕಾಯುತ್ತಿದ್ದಾರೆ, ಜನ ಕೂಗುತ್ತಿದ್ದಾರೆ, ಪಂದ್ಯ ಶುರುವಾಗಿಬಿಡುತ್ತದೆ.

ಕೊನೆಗೆ ದುಡ್ಡು. ವೃತ್ತಿ ನಿಂತವನ ಮನೆಗೆ ಮೊದಲು ಬರುವುದು ಆಸ್ಪತ್ರೆ ಬಿಲ್. ಖಾಸಗಿ ಅಪಘಾತ ವಿಮೆಗಳಲ್ಲಿ ಹೆಚ್ಚಿನವು ವೃತ್ತಿಪರ ಕ್ರೀಡೆಯಲ್ಲಾದ ಗಾಯವನ್ನು ಹೊರಗಿಡುತ್ತವೆ. ಪಾಲಿಸಿಯ ಹೊರಗಿಡುವಿಕೆ ಪುಟ ಓದದೆ ಸಹಿ ಹಾಕಿದರೆ ಕ್ಲೇಮ್ ದಿನ ಗೊತ್ತಾಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಆದರೆ ನಿತ್ಯದ ಖರ್ಚು, ಫಿಸಿಯೊಥೆರಪಿಯ ಓಡಾಟ, ಮನೆಯವರು ಬಿಟ್ಟ ಕೂಲಿ ಅದರೊಳಗೆ ಬರುವುದಿಲ್ಲ. ಕೇಂದ್ರದ ದೀನದಯಾಳ್ ಉಪಾಧ್ಯಾಯ ಕ್ರೀಡಾಪಟು ಕಲ್ಯಾಣ ನಿಧಿ ಹೆಸರು ಮಾಡಿದ ಆಟಗಾರರಿಗೆ ಉಪಯೋಗಕ್ಕೆ ಬರುತ್ತದೆ, ಜಿಲ್ಲಾ ಮಟ್ಟದಲ್ಲಿ ನಾಲ್ಕಾರು ಪಂದ್ಯ ಆಡಿದವನನ್ನು ಅದು ಮುಟ್ಟುವುದು ಕಷ್ಟ. ಹಾಗಾಗಿ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಪಂದ್ಯದ ದಿನದ ವಿಮೆ ಯಾರ ಹೆಸರಲ್ಲಿ, ಎಷ್ಟು ಮೊತ್ತಕ್ಕೆ, ತಲೆ ಗಾಯ ಸೇರಿದೆಯೇ ಎಂದು ಕೇಳಿ ಪತ್ರ ಕೈಗೆ ಪಡೆಯಬೇಕು. ಬಾಯಿಮಾತಿನಲ್ಲಿ "ಎಲ್ಲಾ ನೋಡ್ಕೊಳ್ತೀವಿ" ಎನ್ನುವ ಆಯೋಜಕರ ಜತೆ ಆಡದಿರುವುದೇ ವಾಸಿ.

ಬಾಕ್ಸಿಂಗ್ ಬಿಟ್ಟವನು ಕೋಚ್ ಆಗಬಹುದು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ (ಎನ್‌ಐಎಸ್) ಆರು ವಾರದ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತದೆ. ತಲೆಯ ಗಾಯದಿಂದ ಬಿಟ್ಟವನಾದರೆ ಹುಡುಗರಿಗೆ ಪಾಠ ಹೇಳುತ್ತ ನಿಲ್ಲಬೇಕೇ ಹೊರತು ಅವರ ಜತೆ ಸ್ಪಾರಿಂಗ್‌ಗೆ ಇಳಿಯಬಾರದು. ಫಿಟ್ಸ್ ಔಷಧ ನಡೆಯುತ್ತಿದ್ದರೆ ವೈದ್ಯರನ್ನು ಕೇಳದೆ ಬೈಕ್ ಮುಟ್ಟುವಂತಿಲ್ಲ, ಗುಳಿಗೆಯನ್ನು ತಾನೇ ನಿಲ್ಲಿಸುವಂತಿಲ್ಲ.